ನೀರು ತಿರುಗುವವರೆಗೆ

“ಮಾವ, ಎಷ್ಟು ಎಳೆದರೂ ಇದ್ದಲ್ಲಿಂದ ಕದಲದವನನ್ನು ಎಲ್ಲಿಯವರೆಗೆ ಎಳೆಯಬೇಕು?” ಎಂದು ಉಮಾಕಾಂತ ಕೇಳಿದ.

ಬಂದರಿನ ದಕ್ಕೆಯ ಮೇಲೆ ಕೂತು ಅವನು ತುಂಡಾದ ಹಗ್ಗವನ್ನು ಹೆಣೆದು ಕೂಡಿಸುವುದನ್ನು ದುಗ್ಗಪ್ಪ ಮಾವನಿಂದ ಕಲಿಯುತ್ತಿದ್ದ. ದುಗ್ಗಪ್ಪ ಮಾವ ಬಹುಕಾಲ ಟಗ್ಗು ನಡೆಸಿದವರು. ದೊಡ್ಡ ಹಡಗುಗಳನ್ನು ಬಂದರಿನೊಳಗೆ ಎಳೆದು ತರುವ ಸಣ್ಣ ಉಕ್ಕಿನ ದೋಣಿಯೇ ಟಗ್ಗು. ಉಮಾಕಾಂತ ಈಗ ಅದೇ ಕೆಲಸ ಕಲಿಯುತ್ತಿದ್ದ. ಬಂದರಿನವರಿಗೆಲ್ಲ ಮಾವ ಆದವರು ಅವನಿಗೂ ಮಾವನೇ.

“ಯಾರನ್ನು ಎಳೆಯುತ್ತಿದ್ದೀಯೋ?”

“ನನ್ನ ತಮ್ಮನನ್ನು. ದಿನಾ ಸಂಜೆ ಹೆಂಡದಂಗಡಿಯ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ. ಒಳಗೆ ಕಾಲಿಡುವ ಮೊದಲೇ ಹಿಡಿದು ಮನೆಗೆ ತರುತ್ತೇನೆ. ಮರುದಿನ ಮತ್ತೆ ಅದೇ ಬಾಗಿಲು. ನಿನ್ನೆ ಸಿಟ್ಟು ತಡೆಯದೆ ಕೆನ್ನೆಗೆ ಹೊಡೆದೆ. ಇವತ್ತಿನಿಂದ ಹೋಗುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಬೀಳುವವನು ಬೀಳಲಿ.”

ಮಾವ ಹಗ್ಗವನ್ನು ಪಕ್ಕಕ್ಕಿಟ್ಟರು.

“ಒಂದು ಕತೆ ಹೇಳುತ್ತೇನೆ. ಇದರ ಒಂದೊಂದು ಮಾತೂ ನಿಜ. ಸುಳ್ಳಾದರೆ ನಾಳೆಯಿಂದ ನನ್ನ ಊಟಕ್ಕೆ ಮೀನು ಸಿಗದೆ ಹೋಗಲಿ.”

“ಹೋದ ವಾರ ತಿಮಿಂಗಿಲದ ಕತೆಗೂ ಇದೇ ಆಣೆ ಇಟ್ಟಿದ್ದಿರಿ.”

“ಅದಕ್ಕೇ ಈ ವಾರವೆಲ್ಲ ಬಸಳೆ ಸಾರು ಉಣ್ಣುತ್ತಿದ್ದೇನೆ. ಸುಮ್ಮನೆ ಕೇಳು.”

ಒಂದು ಟಗ್ಗು ಇತ್ತು. ಎಷ್ಟು ಸಣ್ಣದೆಂದರೆ ಅದರ ನಡುವೆ ನಿಂತು ಮೈಮುರಿದರೆ ಎರಡು ಕೈಯೂ ಸಮುದ್ರದಲ್ಲಿ ಒದ್ದೆಯಾಗುತ್ತಿದ್ದವು. ಅದು ಕೆಮ್ಮಿದರೆ ದಡದಲ್ಲಿ ಒಣಹಾಕಿದ ಮೀನು ಎದ್ದು ಕೂರುತ್ತಿತ್ತು. ಮೈಸುತ್ತ ಹಳೆಯ ಲಾರಿ ಟೈರು ಕಟ್ಟಿಕೊಂಡು ಒಂದು ಹಡಗಿನ ಪಕ್ಕೆಗೆ ಮೂತಿಯಿಟ್ಟು ನೂಕುವುದು, ಇನ್ನೊಂದರ ಮುಂದೆ ನಿಂತು ಎಳೆಯುವುದು, ಇದೇ ಅದರ ಬದುಕು. ಅದು ಯಾವ ದೂರದ ಊರನ್ನೂ ಕಂಡದ್ದಲ್ಲ. ಹೋಗಿಬರುವವರನ್ನು ದಾಟಿಸಿ ಸಂಜೆ ಮರಳಿ ಇದೇ ದಕ್ಕೆಗೆ ಬರುತ್ತಿತ್ತು.

ಅದನ್ನು ನಡೆಸುವ ತಾಂಡೇಲನೊಬ್ಬನಿದ್ದ. ಅವನು ಯಾರೆಂದು ನಾನು ಹೇಳುವುದಿಲ್ಲ. ಅವನಷ್ಟು ಚೆಂದದ ಮೀಸೆ ಈ ಕರಾವಳಿಯಲ್ಲಿ ಇನ್ನೊಂದಿರಲಿಲ್ಲ ಎಂದಷ್ಟೇ ಹೇಳುತ್ತೇನೆ.

ಇಷ್ಟು ಹೇಳಿ ಮಾವ ತಮ್ಮ ಮೀಸೆ ಸವರಿಕೊಂಡರು.

ಒಂದು ದಿನ ಸರಕಿನ ಹಡಗೊಂದು ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಿಗೆ ಬಂತು. ಅಲ್ಲೇ ಅದರ ಎಂಜಿನ್ ನಿಂತಿತು. ಲಂಗರು ಬಿಟ್ಟರು. ತಳದ ಕೆಸರಿನಲ್ಲಿ ಅದು ಕಚ್ಚಲಿಲ್ಲ. ಆಗ ಇಳಿತದ ಹೊತ್ತು. ಹೊಳೆಯ ನೀರೆಲ್ಲ ಹೊರಕ್ಕೆ ನುಗ್ಗುತ್ತಿತ್ತು. ಆ ನೀರು ಹಡಗನ್ನು ಹೊರಗಿನ ಕರಿಬಂಡೆಯ ಕಡೆಗೆ ಒಯ್ಯತೊಡಗಿತು. ಹಡಗಿನಲ್ಲಿ ಜನರಿದ್ದರು. ಬಂದರಿನಲ್ಲಿ ಇದ್ದದ್ದು ಈ ಒಂದೇ ಟಗ್ಗು.

ಟಗ್ಗು ಹೋಗಿ ಹಡಗಿನ ಮುಂದೆ ನಿಂತಿತು. ಕಪ್ತಾನ ಮೇಲಿನಿಂದ ಬಗ್ಗಿ ನೋಡಿ, “ನಿನ್ನ ಈ ಬಾಲ್ದಿಯಿಂದ ಏನಾಗುತ್ತದೆ?” ಎಂದ.

“ಬಾಲ್ದಿ ಅನ್ನಿ, ಬೋಗುಣಿ ಅನ್ನಿ. ಹಗ್ಗ ಮಾತ್ರ ಸರಿಯಾಗಿ ಕಟ್ಟಿ,” ಎಂದ ತಾಂಡೇಲ.

ಬಾಲ್ದಿ ಎಂದದ್ದಕ್ಕೆ ಅವನಿಗೆ ಒಳಗೇ ಸಿಟ್ಟು ಬಂದಿತ್ತು. ಹಗ್ಗ ಇನ್ನೂ ಸಡಿಲವಿರುವಾಗಲೇ ಎಂಜಿನ್ನಿಗೆ ಪೂರ್ತಿ ಜೋರು ಕೊಟ್ಟ. ಟಗ್ಗು ಮುಂದಕ್ಕೆ ನೆಗೆಯಿತು. ಹಗ್ಗ ಒಮ್ಮೆಲೇ ಬಿಗಿದು ಗರ್ನಾಲಿನಂತೆ ಸಿಡಿದು ತುಂಡಾಯಿತು. ಹಡಗು ಬಂಡೆಗೆ ಇನ್ನಷ್ಟು ಹತ್ತಿರ ಹೋಯಿತು. ಉಳಿದದ್ದು ಇನ್ನೊಂದೇ ಹಗ್ಗ. ಅದೂ ಹಿಂದೆಂದೋ ತುಂಡಾಗಿ, ಹೆಣೆದು ಕೂಡಿಸಿದ್ದು.

ಉಮಾಕಾಂತ ತನ್ನ ಬಲಗೈಯನ್ನು ನೋಡಿಕೊಂಡ.

ಎರಡನೆಯ ಸಲ ತಾಂಡೇಲ ಟಗ್ಗನ್ನು ಬಸುರಿಯನ್ನು ನಡೆಸುವಂತೆ ನಡೆಸಿದ. ಹಗ್ಗ ನೀರಿನಿಂದ ಮೆಲ್ಲನೆ ಎದ್ದಿತು, ಹನಿ ಉದುರಿಸಿತು, ಬಿಗಿಯಾಯಿತು. ಆಮೇಲೆ ಸ್ವಲ್ಪ ಸ್ವಲ್ಪವೇ ಜೋರು ಕೊಟ್ಟ. ಕೂಡಿಸಿದ ಗಂಟು ಕಿರುಗುಟ್ಟಿತು. ಬಿಡಲಿಲ್ಲ. ಎಂಜಿನ್ ಕಾದು ಟಗ್ಗಿನ ಮೈಯೆಲ್ಲ ನಡುಗುತ್ತಿತ್ತು. ತಾಂಡೇಲ ಚುಕ್ಕಾಣಿಯಿಂದ ಕೈ ತೆಗೆಯಲಿಲ್ಲ. ಮೂಗಿನ ಮೇಲೆ ನೊಣ ಕೂತಿತು. ಅದು ಮೊಟ್ಟೆಯಿಟ್ಟು ಮರಿಮಾಡಿ ಮೊಮ್ಮಕ್ಕಳನ್ನು ಕಂಡಿತು. ಆಗಲೂ ತೆಗೆಯಲಿಲ್ಲ.

ಟಗ್ಗಿನಲ್ಲಿ ಹಗ್ಗದ ಕೊಕ್ಕೆಯ ಪಕ್ಕ ಯಾವಾಗಲೂ ಒಂದು ಕೊಡಲಿ ಇರುತ್ತದೆ. ಹಡಗು ಟಗ್ಗನ್ನೇ ಎಳೆದು ಮಗುಚುವಂತಾದರೆ ಹಗ್ಗ ಕಡಿಯುವುದಕ್ಕೆ. ತಾಂಡೇಲನ ಕೈಕೆಳಗಿದ್ದ ಖಲಾಸಿ ಆ ಕೊಡಲಿಯನ್ನು ಕೈಗೆತ್ತಿಕೊಂಡ.

“ಕಡಿದುಬಿಡಲೇ ತಾಂಡೇಲರೇ? ಈ ಆನೆ ನಮ್ಮಿಂದ ಬರುವುದುಂಟೇ?”

“ನಾವು ಮಗುಚುತ್ತಿದ್ದೇವಾ?”

“ಇಲ್ಲ.”

“ಮತ್ಯಾಕೆ ಕಡಿಯುತ್ತೀ?”

“ನೋಡಿ ನೋಡಿ ಬೇಸರವಾಯಿತು.”

“ಬೇಸರಕ್ಕೆಂದು ಇಟ್ಟ ಕೊಡಲಿ ಅಲ್ಲ ಅದು. ಕೆಳಗಿಡು. ಚಾ ಮಾಡು ಹೋಗು.”

ಖಲಾಸಿ ಕೊಡಲಿ ಇಟ್ಟು ಚಾಕ್ಕೆ ನೀರಿಟ್ಟ. ಟಗ್ಗು ಹಲ್ಲು ಕಚ್ಚಿ ನಿಂತಿತು. ಆಮೇಲೆ ನೋಡಬೇಕಿತ್ತು ನೀನು! ಇಳಿತದ ನೀರು ಒಂದೇ ಸಮನೆ ಹೊರಕ್ಕೆ ನುಗ್ಗುತ್ತಿದ್ದಂತೆಯೇ ನಮ್ಮ ಟಗ್ಗು ಆ ಹಡಗನ್ನು ಮಾರು ಮಾರಾಗಿ ಒಳಕ್ಕೆ ಎಳೆಯಿತು. ಕರಿಬಂಡೆ ಹಿಂದೆ ಹಿಂದೆ ಸರಿಯಿತು. ಕೊನೆಗೆ ನೀರು ತಿರುಗಿತು. ಉಬ್ಬರ ಏರತೊಡಗಿತು. ಹಡಗು ತಾನಾಗಿ ಹಗುರಾಗಿ, ದನದ ಹಿಂದೆ ಕರು ಬಂದ ಹಾಗೆ ಟಗ್ಗಿನ ಹಿಂದೆ ಬಂದು ದಕ್ಕೆಗೆ ತಾಗಿತು. ಕಪ್ತಾನ ಇಳಿದು ಬಂದು ತಾಂಡೇಲನನ್ನು ತಬ್ಬಿಕೊಂಡ. ಮೀಸೆ ಅವನ ಕೋಟಿನ ಗುಂಡಿಗೆ ಸಿಕ್ಕಿಕೊಂಡಿತು. ಬಿಡಿಸುವುದಕ್ಕೆ ಊರವರೇ ಬರಬೇಕಾಯಿತು.

ಮಾವ ಕತೆ ನಿಲ್ಲಿಸಿದರು. ಉಮಾಕಾಂತ ನಗಲಿಲ್ಲ.

“ನಿಮ್ಮ ಹಡಗು ಮಾರು ಮಾರಾಗಿಯಾದರೂ ಮುಂದೆ ಬಂತು, ಮಾವ. ಬರುವುದು ಕಣ್ಣಿಗೆ ಕಂಡರೆ ನಾನೂ ಎಳೆಯುತ್ತಿದ್ದೆ. ನನ್ನ ತಮ್ಮ ನಿಂತ ಬಾಗಿಲಲ್ಲೇ ನಿಂತಿದ್ದಾನೆ,” ಎಂದು ಏಳಲು ಹೋದ.

“ಕೂರೋ ಮಾರಾಯ. ಒಂದು ಸಣ್ಣ ವಿವರ ನಾನೇ ಸೇರಿಸಿದ್ದಿದೆ. ಹೇಳದಿದ್ದರೆ ನಾಳೆಯೂ ನನಗೆ ಬಸಳೆಯೇ ಗತಿ.”

“ಮೀಸೆಯದ್ದಾ?”

“ಮೀಸೆ ನಿಜ. ಹಡಗು ಮಾರು ಮಾರಾಗಿ ಮುಂದೆ ಬಂತು ಎಂದೆನಲ್ಲ, ಅದು ಸುಳ್ಳು. ನೀರು ತಿರುಗುವವರೆಗೂ ಅದು ಇದ್ದಲ್ಲೇ ಇತ್ತು. ಬಂಡೆಗೆ ಬಡಿಯಲಿಲ್ಲ, ಅಷ್ಟೇ.”

ಉಮಾಕಾಂತ ಹೆಣೆದ ಹಗ್ಗವನ್ನು ಎತ್ತಿ ಮಾವನ ಕೈಗಿಟ್ಟು, ಹೆಂಡದಂಗಡಿಯ ದಾರಿ ಹಿಡಿದ.