ಬಲೆ ಎಳೆಯುವ ದಡದ ಮನೆ

"ಗುರುಗಳೇ, ಹೆಚ್ಚು ಖರ್ಚಿಲ್ಲದೆ, ಜನರ ಗದ್ದಲವೂ ಇಲ್ಲದೆ ಬದುಕಬಹುದಾದ ಜಾಗ ಎಲ್ಲಿ ಸಿಕ್ಕೀತು?" ಎಂದು ಶಿಷ್ಯ ಕೇಳಿದ.

ಅಂದು ಹುಣ್ಣಿಮೆ. ಆಶ್ರಮದ ಅಂಗಳದಲ್ಲಿ ಬೆಳಗಿನಿಂದ ಜನ ಸೇರಿದ್ದರು. ಮಕ್ಕಳು ಅಳುತ್ತಿದ್ದವು, ಹೆಂಗಸರು ಮನೆಯಿಂದ ತಂದ ಅಕ್ಕಿಯ ಗಂಟು ಬಿಚ್ಚುತ್ತಿದ್ದರು, ಯಾರೋ ಯಾರನ್ನೋ ಕೂಗುತ್ತಿದ್ದರು. ಶಿಷ್ಯನ ಜಪ ಮೂರನೆಯ ಸಲವೂ ಅರ್ಧಕ್ಕೆ ನಿಂತಿತ್ತು. ಗುರುಗಳು ಒಳಗಿನ ಪಡಸಾಲೆಯಲ್ಲಿ ಮೊರದ ತುಂಬ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು.

"ಕಡಲ ದಡದಲ್ಲಿ ಒಂದು ಗುಡಿಸಲು ಸಿಕ್ಕರೂ ನನಗೆ ಸಾಕು" ಎಂದ ಶಿಷ್ಯ.

"ಕಡಲ ದಡವೇ? ಹಾಗಾದರೆ ಕೂತುಕೋ. ಅಲ್ಲಿ ಮನೆ ಹುಡುಕಿದ ಒಬ್ಬನ ಕತೆ ನನಗೆ ಗೊತ್ತು" ಎಂದು ಗುರುಗಳು ಹೇಳತೊಡಗಿದರು.

ಬಯಲುಸೀಮೆಯ ಒಂದು ಪೇಟೆಯಲ್ಲಿ ಹತ್ತಿ ಹಿಂಜಿ ಹಾಸಿಗೆ ಹೊಲಿಯುವವನೊಬ್ಬನಿದ್ದ. ಇಕ್ಕಟ್ಟಾದ ಓಣಿ, ಒಂದೇ ಕೋಣೆಯ ಮನೆ. ಹಗಲು ಅದರಲ್ಲೇ ಹತ್ತಿ ಹಿಂಜುತ್ತಿದ್ದ, ರಾತ್ರಿ ಹೆಂಡತಿ ಮಗಳೊಡನೆ ಅದರಲ್ಲೇ ಮಲಗುತ್ತಿದ್ದ. ಊರಿಗೆಲ್ಲ ಸುಖನಿದ್ರೆಯ ಹಾಸಿಗೆ ಹೊಲಿದುಕೊಟ್ಟವನ ಮನೆಯಲ್ಲಿ ಯಾರಿಗೂ ನಿದ್ರೆ ಇರಲಿಲ್ಲ. ಹತ್ತಿಯ ಧೂಳು ಮಗಳ ಎದೆಗೆ ಇಳಿದಿತ್ತು. ಅವಳು ಒಂದು ಮಾತನ್ನು ಮುಗಿಸಬೇಕಾದರೆ ನಡುವೆ ನಿಂತು ಉಸಿರು ಎಳೆದುಕೊಳ್ಳಬೇಕಾಗಿತ್ತು.

ವೈದ್ಯ ಬಂದು ನೋಡಿದ. ಮದ್ದು ಕೊಡುತ್ತೇನೆ, ಆದರೆ ಈ ಧೂಳಿನಲ್ಲಿ ಮದ್ದು ಹತ್ತುವುದಿಲ್ಲ, ಮಗು ಉಳಿಯಬೇಕಾದರೆ ಕಡಲ ಗಾಳಿಗೆ ಕರೆದುಕೊಂಡು ಹೋಗು ಎಂದ. ಹಾಸಿಗೆಯವನು ಹಿಂದೆಮುಂದೆ ನೋಡಲಿಲ್ಲ. ಹಿಂಜುವ ಬಿಲ್ಲು, ಮನೆ, ಪಾತ್ರೆ ಎಲ್ಲವನ್ನೂ ಮಾರಿ, ಬಂದದ್ದನ್ನು ಸೊಂಟಕ್ಕೆ ಕಟ್ಟಿಕೊಂಡು, ಹೆಂಡತಿ ಮಗಳೊಡನೆ ಘಟ್ಟ ಇಳಿದ.

ಆಗ ಮಳೆಗಾಲ. ಬಂದರಿನ ಬಳಿ ಮನೆಗಳ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತಿತ್ತು. ಕೈಗೆ ಎಟಕುವ ಬೆಲೆಯಲ್ಲಿ ಸಿಗುತ್ತಿದ್ದದ್ದು ಒಂದು ಗೋಡೆಗೆ ಎರಡು ಸಂಸಾರ ಅಂಟಿಕೊಂಡ ಮನೆಗಳು. ಮತ್ತೆ ಅಂಥ ಓಣಿಗೇ ಸೇರಿದರೆ ಮಗಳು ಉಳಿಯುವುದಿಲ್ಲವೆಂಬ ಹೆದರಿಕೆ ಅವನಿಗೆ. ಜನ ಎಂದರೆ ಧೂಳು, ಧೂಳು ಎಂದರೆ ಕೆಮ್ಮು ಎಂದು ಅವನ ಮನಸ್ಸು ಗಂಟು ಹಾಕಿಕೊಂಡಿತ್ತು.

ಹೀಗೆ ಅಲೆಯುತ್ತಾ ಒಂದು ದಡಕ್ಕೆ ಬಂದ. ಮರಳಿನ ಅಂಚಿನಲ್ಲಿ ಒಂಟಿ ಮನೆ. ಹಿಂದೆ ತೆಂಗಿನ ಮರಗಳು, ಎದುರಿಗೆ ಕಡಲು. ಕಣ್ಣು ಹಾಯುವಷ್ಟು ದೂರ ಒಂದು ನರಪಿಳ್ಳೆಯೂ ಇಲ್ಲ. ಒಂದಷ್ಟು ದೋಣಿಗಳು ತೆಂಗಿನ ಗರಿ ಹೆಣೆದ ಮಡಲಿನ ಹೊದಿಕೆಯಡಿ ಬೋರಲು ಬಿದ್ದಿದ್ದವು. ಯಾರೋ ಬೇಡವೆಂದು ಬಿಟ್ಟುಹೋದ ದೋಣಿಗಳು ಎಂದುಕೊಂಡ. ಮಳೆಗಾಲದಲ್ಲಿ ಕಡಲಿಗೆ ಯಾರೂ ಇಳಿಯುವುದಿಲ್ಲ ಎಂಬುದು ಕರಾವಳಿಯ ಕೂಸಿಗೂ ಗೊತ್ತು. ಹತ್ತಿಯ ಊರಿನವನಿಗೆ ಗೊತ್ತಿರಲಿಲ್ಲ. ಕಣ್ಣಾರೆ ಕಂಡ ಮೇಲೆ ಕೇಳುವುದೇನು ಎಂದು ಅವನು ಕೇಳಲೂ ಇಲ್ಲ. ನಾವೂ ಹಾಗೇ ಅಲ್ಲವೇ?

ಮನೆಯ ಒಡತಿ ಮೀನುಗಾರರ ಒಬ್ಬಳು ಮುದುಕಿ. ಮಗಳ ಬಾಣಂತನಕ್ಕೆಂದು ಹೋದವಳು ಅಲ್ಲೇ ಪಕ್ಕದ ಕೇರಿಯಲ್ಲಿ ಮೊಮ್ಮಕ್ಕಳೊಡನೆ ನಿಂತುಬಿಟ್ಟಿದ್ದಳು. ಮನೆ ಮಾರುವುದಿತ್ತು. ಹಾಸಿಗೆಯವನು ಸೊಂಟದ ಗಂಟು ಬಿಚ್ಚಿ, ಇರುವುದು ಇಷ್ಟೇ ಎಂದು ತೋರಿಸಿದ. ಮುದುಕಿ ಗಂಟನ್ನು ನೋಡಿದಳು, ಅವನ ಹೆಗಲ ಮೇಲೆ ಕೆಮ್ಮುತ್ತಿದ್ದ ಮಗುವನ್ನು ನೋಡಿದಳು. ನಾಳೆ ಬಾ, ಹೇಳುತ್ತೇನೆ ಎಂದಳು. ಮರುದಿನ ಹೋದಾಗ, ಇಷ್ಟೇ ಸಾಕು ಎಂದು ಕೀಲಿಕೈ ಕೊಟ್ಟಳು. ಅವನು ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡ. ಕಡಲೆದುರಿನ ಮನೆಯನ್ನು ಹೀಗೆ ಕೊಟ್ಟುಬಿಟ್ಟಳಲ್ಲ, ಪಾಪ, ಮುದುಕಿಗೆ ಲೋಕ ಗೊತ್ತಿಲ್ಲ ಎಂದು ಹೆಂಡತಿಗೂ ಹೇಳಿದ.

ಮಳೆಗಾಲವೆಲ್ಲ ಹಿತವಾಗಿ ಕಳೆಯಿತು. ಅವನು ತೆಂಗಿನ ನಾರಿನ ಹಗ್ಗ ಹೊಸೆಯಲು ಕಲಿತ. ಮಗಳ ಕೆಮ್ಮು ಸ್ವಲ್ಪ ತಗ್ಗಿತು, ಆದರೆ ಪೂರ್ತಿ ಹೋಗಿರಲಿಲ್ಲ. ರಾತ್ರಿಯೆಲ್ಲ ಹೊರಳಾಡಿ ಬೆಳಗಿನ ಜಾವಕ್ಕೆ ಕಣ್ಣು ಮುಚ್ಚುತ್ತಿದ್ದಳು.

ಮಳೆ ಹಿಂದಾಯಿತು. ನೂಲ ಹುಣ್ಣಿಮೆಯ ದಿನ ಕೇರಿಯವರು ಕಡಲಿಗೆ ತೆಂಗಿನಕಾಯಿ ಬಿಟ್ಟು ಕೈಮುಗಿದರು. ಕಡಲು ತಣ್ಣಗಾದ ಒಂದು ಬೆಳಗಿನ ಜಾವ ಹಾಸಿಗೆಯವನು ಬಾಗಿಲು ತೆರೆದರೆ ಅಂಗಳದ ತುಂಬ ಜನ. ಬೋರಲು ಬಿದ್ದಿದ್ದ ದೋಣಿಗಳು ನೀರಿನಲ್ಲಿದ್ದವು. ಆ ದಡ ರಂಪಣಿ ಬಲೆ ಎಳೆಯುವ ದಡ. ದೋಣಿಯವರು ದೊಡ್ಡ ಬಲೆಯನ್ನು ಕಡಲಲ್ಲಿ ಬಾಗಿಸಿ ಹಾಸಿ, ಹಗ್ಗದ ತುದಿಗಳನ್ನು ದಡಕ್ಕೆ ತರುತ್ತಾರೆ. ಕೇರಿಗೆ ಕೇರಿಯೇ ನಿಂತು ಎಳೆಯುತ್ತದೆ. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲು. ಆ ಹಗ್ಗಗಳಲ್ಲಿ ಒಂದು ಅವನ ಅಂಗಳದ ಮೇಲೇ ಹಾದುಹೋಗುತ್ತಿತ್ತು. ಎಳೆಯುವವರ ಕೂಗಿಗೆ ಆಗಷ್ಟೇ ಮಲಗಿದ್ದ ಮಗಳು ಬೆಚ್ಚಿ ಎದ್ದಳು, ಕೆಮ್ಮಿದಳು.

ಅವನು ಬಾಗಿಲು ಮುಚ್ಚಿದ. ಹಿಂದಿರುಗಲು ಊರಿನಲ್ಲಿ ಮನೆಯಿಲ್ಲ, ಬೇರೆ ಕೊಳ್ಳಲು ಸೊಂಟದಲ್ಲಿ ಗಂಟಿಲ್ಲ. ಮುದುಕಿ ತನಗೆ ಟೋಪಿ ಹಾಕಿದಳು ಎಂದು ಹಲ್ಲು ಕಡಿದ. ಮರುದಿನವೇ ಮುಳ್ಳು ಕಡಿದು ತಂದು ಅಂಗಳದ ಸುತ್ತ ಬೇಲಿ ಹಾಕಿದ. ಅವನನ್ನು ನೋಡಿ ನಗಬೇಡ. ಮಗು ಕೈಬಿಟ್ಟುಹೋದೀತು ಎಂಬ ಅಪ್ಪನ ಹೆದರಿಕೆ ಅದು.

ಬಲೆಯವರು ಬಂದರು, ಬೇಲಿಯನ್ನು ನೋಡಿದರು. ಜಗಳ ಮಾಡಲಿಲ್ಲ. ಹಗ್ಗವನ್ನು ಬೇಲಿಯ ಆಚೆಯಿಂದ ಬಳಸಿ ಒಯ್ದರು. ಆ ಕಡೆ ಮರಳು ಸಡಿಲ, ಕಾಲು ನಿಲ್ಲುವುದಿಲ್ಲ. ಜಾರಿ ಬೀಳುತ್ತಾ, ಎದ್ದು ನಗುತ್ತಾ ಎಳೆದರು. ಬೇಲಿಗೆ ಹೆದರಿದರು ಎಂದುಕೊಂಡ ಹಾಸಿಗೆಯವನು.

ಕೆಲವು ದಿನ ಹೀಗೇ ನಡೆಯಿತು. ಒಂದು ಬೆಳಿಗ್ಗೆ ಅವನು ಮನೆಯ ಹಿಂದೆ ಹಗ್ಗ ಹೊಸೆಯುತ್ತಿದ್ದಾಗ ಹೆಂಡತಿ ಓಡಿ ಬಂದಳು. ಮಗು ಕಾಣುತ್ತಿಲ್ಲ ಎಂದಳು. ಬೇಲಿಯ ಒಂದು ಮೂಲೆಯಲ್ಲಿ ಮಗು ನುಸುಳುವಷ್ಟು ಸಂದಿ ಇತ್ತು. ಅವನು ಬೇಲಿ ಹಾರಿ, ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು ನೀರಿನ ಕಡೆ ಓಡಿದ.

ಅಂದು ಬಂಗುಡೆ ಮೀನು ಬಲೆಗೆ ರಾಶಿಯಾಗಿ ಬಿದ್ದಿತ್ತು. ಬಲೆ ಭಾರವಾಗಿತ್ತು. ಹಗ್ಗದ ಕೊನೆಯಲ್ಲಿ, ಮುದುಕಿಯರ ಹಿಂದೆ, ಅವನ ಮಗಳು ಎರಡೂ ಕೈಯಿಂದ ಹಗ್ಗ ಹಿಡಿದು ಹಿಂದಕ್ಕೆ ವಾಲಿ ನಿಂತಿದ್ದಳು. ಎಲ್ಲರೂ ಕೂಗಿದಾಗ ಅವಳೂ ಕೂಗಿದಳು. ಒಂದು ಮಾತಿಗೆ ಉಸಿರು ಸಾಲದ ಮಗು ಆ ಉದ್ದದ ಕೂಗನ್ನು ಕೊನೆಯವರೆಗೂ ಕೂಗಿತು. ಕೂಗಿ ನಕ್ಕಿತು. ಕೆಮ್ಮಲಿಲ್ಲ.

ಅವನಿಗೆ ಅಳು ಬಂತು. ಸಂತೋಷಕ್ಕೆ ಬಂದ ಅಳು.

"ಅಣ್ಣಾ, ನಿಂತು ನೋಡ್ಬೇಡ. ಕೈ ಹಾಕು" ಎಂದ ಎಳೆಯುತ್ತಿದ್ದವನೊಬ್ಬ. ಅವನು ಕೈ ಹಾಕಿದ.

ಬಲೆ ದಡಕ್ಕೆ ಬಂತು. ಮರಳಿನ ಮೇಲೆ ಪಾಲು ಹಾಕಿದರು. ಅವನಿಗೊಂದು ಪಾಲು, ಮಗಳಿಗೊಂದು. ಚಿಕ್ಕವಳೆಂದು ಕಡಿಮೆ ಮಾಡಲಿಲ್ಲ. ಮನೆ ಮಾರಿದ್ದ ಆ ಮುದುಕಿ ಇನ್ನೊಂದು ಪಾಲನ್ನು ಬುಟ್ಟಿಯಲ್ಲಿ ತಂದು ಅವನ ಮುಂದಿಟ್ಟಳು. ಇದೇನೆಂದು ಅವನು ಕೇಳಿದ.

"ಇದು ಮನೆಯ ಪಾಲು, ಮಗಾ. ಬೀಗ ಹಾಕಿದ ಮನೆಯ ಎದುರು ನಾವು ಬಲೆ ಎಳೆಯೂದಿಲ್ಲ. ಕಡಲಿಂದ ಮೇಲೆ ಬರುವವರ ಕಣ್ಣಿಗೆ ಒಲೆ ಹೊತ್ತಿದ ಮನೆ ಕಾಣ್ಬೇಕು. ಪೇಟೆಯ ಸಾಹುಕಾರರು ಬಂದು ನೀನು ಕೊಟ್ಟದ್ದರ ದುಪ್ಪಟ್ಟು ಕೊಡ್ತೇನೆ ಅಂದಿದ್ರು. ಅವರು ವರ್ಷಕ್ಕೊಮ್ಮೆ ಗಾಳಿ ಕುಡಿಯಲಿಕ್ಕೆ ಬರುವವರು. ಉಳಿದ ದಿನ ಬೀಗ. ನೀನು ಬಂದ ದಿನ ನಾನು ಕೇರಿಯಲ್ಲಿ ಹೇಳಿದೆ, ಒಂದು ಸಂಸಾರ ಬಂದಿದೆ, ಮಗುವಿಗೆ ಉಬ್ಬಸ, ಗಂಟು ಸಾಲೂದಿಲ್ಲ ಅಂತ. ಕಡಿಮೆ ಬಿದ್ದದ್ದನ್ನು ಇವರೆಲ್ಲ ಹಿಂದಿನ ವರ್ಷದ ತಂತಮ್ಮ ಪಾಲಿನಲ್ಲಿ ಉಳಿಸಿದ್ದರಿಂದ ಹಾಕಿದ್ರು."

ಹಾಸಿಗೆಯವನು ಸುತ್ತಲೂ ನೋಡಿದ. ಒದ್ದೆ ಬಟ್ಟೆಯ ಗಂಡಸರು, ಬುಟ್ಟಿ ತುಂಬಿಕೊಳ್ಳುತ್ತಿದ್ದ ಹೆಂಗಸರು. ಸಡಿಲ ಮರಳಿನಲ್ಲಿ ಜಾರಿ ಬಿದ್ದವರು ಇವರೇ.

"ಅಮ್ಮಾ, ನಾನು ಬೇಲಿ ಹಾಕಿದೆನಲ್ಲ" ಎಂದ.

"ಹಾಕಿದೆ. ಒಲೆಯನ್ನೂ ಹೊತ್ತಿಸಿದ್ದೀಯಲ್ಲ, ದಿನಾ ಹೊಗೆ ಕಾಣ್ತದೆ" ಎಂದಳು ಮುದುಕಿ.

ಅವನು ಅಂದೇ ಬೇಲಿ ಕಿತ್ತ. ಆ ಮುಳ್ಳನ್ನೇ ಒಲೆಗೆ ಹಾಕಿ ಹೆಂಡತಿ ದೊಡ್ಡ ಮಡಕೆಯಲ್ಲಿ ಗಂಜಿ ಕಾಯಿಸಿದಳು. ಅಂದಿನಿಂದ ಬಲೆ ಎಳೆದ ದಿನವೆಲ್ಲ ಆ ಅಂಗಳದಲ್ಲಿ ಬಿಸಿ ಗಂಜಿ. ಕಡಲಿನಿಂದ ನಡುಗುತ್ತಾ ಬಂದವರು ಅದನ್ನು ಕುಡಿದು ಜಗಲಿಯಲ್ಲಿ ಕಾಲು ಚಾಚುತ್ತಿದ್ದರು. ಅವನು ಹೊಸೆದ ಹಗ್ಗ ಬಲೆಗೆ ಸೇರಿತು. ಹಗ್ಗಕ್ಕೆ ಅವನು ಬೆಲೆ ಹೇಳಲಿಲ್ಲ, ಅವರೂ ಕೇಳಲಿಲ್ಲ. ಮಗಳು ಬೆಳಗಿನ ಜಾವದ ಕೂಗಿಗೆ ಎಲ್ಲರಿಗಿಂತ ಮೊದಲು ಎದ್ದು ಓಡುತ್ತಿದ್ದಳು. ಆ ಮಗುವಿನ ಎದೆ ಗಟ್ಟಿಯಾಯಿತು. ಬಲೆಯವರ ಹೆಸರು ಹೇಳದೆ ಅವನು ಒಂದು ತುತ್ತೂ ಉಣ್ಣಲಿಲ್ಲ.

ಮರುವರ್ಷ ಮಳೆಗಾಲ ಬಂತು. ದೋಣಿಗಳು ಮತ್ತೆ ಬೋರಲಾದವು, ದಡ ಬರಿದಾಯಿತು. ಯಾವ ನಿಶ್ಶಬ್ದಕ್ಕಾಗಿ ಅವನು ಘಟ್ಟ ಇಳಿದು ಬಂದಿದ್ದನೋ ಅದೇ ನಿಶ್ಶಬ್ದ. ಅಪ್ಪ ಮಗಳು ಜಗಲಿಯಲ್ಲಿ ಕೂತು, ಇದು ಯಾವಾಗ ಮುಗಿಯುತ್ತದೋ ಎಂದು ಕೇರಿಯ ದಾರಿ ನೋಡುತ್ತಿದ್ದರಂತೆ.

ಗುರುಗಳು ಕತೆ ನಿಲ್ಲಿಸಿ ಮತ್ತೆ ಕಲ್ಲು ಆರಿಸತೊಡಗಿದರು. ಅಂಗಳದಿಂದ ಮಗುವೊಂದರ ಅಳು ಕೇಳಿತು. ಹಿಂದೆಯೇ ಅದನ್ನು ರಮಿಸುವ ಯಾರದೋ ನಗು.

ಶಿಷ್ಯ ಅಂಗಳದ ಕಡೆ ನೋಡಿದ. "ಹಾಗಾದರೆ ನಾನು ಕಡಲ ದಡಕ್ಕೆ ಹೋಗಬಾರದೇ, ಗುರುಗಳೇ?" ಎಂದ.

ಗುರುಗಳು ಮೊರವನ್ನು ಅವನ ಮಡಿಲಿಗೆ ಸರಿಸಿದರು.

"ಧಾರಾಳವಾಗಿ ಹೋಗು, ಇಷ್ಟು ವರ್ಷ ನೀನು ಇಲ್ಲಿ ಉಂಡ ಅಕ್ಕಿ ಯಾರ ಯಾರ ಮನೆಯದೆಂದು ಅಂಗಳದಲ್ಲಿ ಕೂತವರನ್ನು ಒಮ್ಮೆ ಕೇಳಿಕೊಂಡು ಹೋಗು."