ಯಮನಪ್ಪನ ತುಟಿಹುಣ್ಣು

ದೇವರು ಊರಿಗೊಬ್ಬ ಪೆದ್ದನನ್ನು ಹಂಚುತ್ತ ಬಂದಾಗ ಆ ಊರಿನ ಪಾಲು ಬಾಳವ್ವನ ಹೊಟ್ಟೆಗೆ ಬಿತ್ತು. ಹೆಸರು ಯಮನಪ್ಪ. ಮೀಸೆ ಬಂದು ಏಳು ವರ್ಷವಾದರೂ ಬುದ್ಧಿ ಬಂದಿರಲಿಲ್ಲ. ಹೇಳಿದ ಮಾತು ಕೇಳುವುದಿಲ್ಲ ಎಂದು ಬೈಯುವ ಹಾಗೂ ಇಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಬಾಳವ್ವನಿಗೆ ಸಾಕುಸಾಕಾಗಿದ್ದೇ ಅದರಿಂದ.

ಮಗಳು ಕಸ್ತೂರಿ ಬಾಣಂತನಕ್ಕೆ ಬಂದಿದ್ದಳು. ಕೂಸಿಗೆ ಇನ್ನೂ ಹದಿನೈದು ದಿನ. ಅಷ್ಟರಲ್ಲಿ ಈ ಮಹಾರಾಯನಿಗೆ ಜ್ವರ ಬಂದು ಇಳಿದು, ತುಟಿಯ ಮೇಲೆ ನೀರುಗುಳ್ಳೆ ಎದ್ದವು. ನರ್ಸಮ್ಮ ನೋಡಿ, ದೊಡ್ಡವರಿಗೆ ಇದು ಬರೀ ಕಿರಿಕಿರಿ, ಹಸುಗೂಸಿಗೆ ತಗುಲಿದರೆ ಜೀವಕ್ಕೇ ಕುತ್ತು, ಹಕ್ಕಳೆ ಉದುರಿ ಪೂರ್ತಿ ಮಾಯುವ ತನಕ ಇವನು ಅತ್ತ ಸುಳಿಯಬಾರದು ಎಂದಳು. ಬಾಳವ್ವನಿಗೆ ಒಂದೇ ಚಿಂತೆ. ಕೂಸನ್ನು ಕಾಯುವುದು ಸುಲಭ, ಇವನನ್ನು ಕಾಯುವುದು ಹೇಗೆ?

ಹುಣ್ಣಿಗೆ ಕೈ ಹಚ್ಚಬೇಡ, ಮುಲಾಮು ಹಚ್ಚು ಎಂದು ಹೇಳಿ ಹಿತ್ತಲಿಗೆ ಹೋದಳು. ತಿರುಗಿ ಬಂದು ನೋಡಿದರೆ ಯಮನಪ್ಪ ಬಾಣಂತಿಕೋಣೆಯ ಬಾಗಿಲ ಚೌಕಟ್ಟಿಗೆ ಮುಲಾಮು ಹಿಂಡಿ, ಅದಕ್ಕೆ ತುಟಿ ಒತ್ತಿ ಉಜ್ಜುತ್ತ ನಿಂತಿದ್ದ.

"ಕೈ ಹಚ್ಚಿಲ್ಲವ್ವಾ," ಎಂದ.

ಬಾಳವ್ವ ಹಣೆ ಬಡಿದುಕೊಂಡಳು. ಚೌಕಟ್ಟನ್ನು ಸೋಪು ಹಾಕಿ ಎರಡು ಸಲ ತಿಕ್ಕಿದಳು. ಹತ್ತಿಯಿಂದ ಹಚ್ಚಿಕೊಂಡು ಹತ್ತಿ ಬಿಸಾಡಬೇಕು, ನಿನ್ನ ತುಟಿ ಮುಟ್ಟಿದ್ದು ಇನ್ನೊಬ್ಬರ ಕೈಗೆ ಹೋಗಬಾರದು, ತಿಳೀತಾ ಎಂದು ಬೈದಳು. ತಿಳೀತು ಎಂದ.

ಅವತ್ತೇ ಸಂಜೆ ಪಕ್ಕದ ಮನೆಯ ನಿಂಗವ್ವ ಸೆರಗು ಕಟ್ಟಿಕೊಂಡು ಬಂದಳು. ಪಾಪ ಅಂತ ಮಜ್ಜಿಗೆ ಕೊಟ್ಟರೆ ನಿನ್ನ ಮಗ ಹಿತ್ತಾಳೆ ಚಂಬನ್ನೇ ಹೊತ್ತುಕೊಂಡು ಓಡಿದನಲ್ಲ ಎಂದಳು. ಚಂಬು ಯಮನಪ್ಪನ ಹಾಸಿಗೆಯಡಿ ಇತ್ತು. ಅದರ ಜೊತೆಗೆ ಚಹಾದಂಗಡಿಯ ಎರಡು ಲೋಟಗಳೂ ಇದ್ದವು. ತುಟಿ ಮುಟ್ಟಿದ್ದನ್ನು ಇನ್ನೊಬ್ಬರ ಕೈಗೆ ಹೇಗೆ ಕೊಡುವುದು ಅಂತ ಅವನದೇ ಪ್ರಶ್ನೆ. ಬಾಳವ್ವ ಎಲ್ಲವನ್ನೂ ಬಿಸಿನೀರಲ್ಲಿ ತೊಳೆದು, ಕೈಮುಗಿದು ವಾಪಸು ಮಾಡಿದಳು. ಇನ್ನು ಮೇಲೆ ಯಾವುದಕ್ಕೂ ಬಾಯಿ ಹಚ್ಚಬೇಡ, ಮೇಲಕ್ಕೆ ಎತ್ತಿ ಬಾಯಿಗೆ ಬಿಟ್ಟುಕೋ ಎಂದಳು.

ಮರುದಿನ ಊಟಕ್ಕೆ ಕೂತವನು ಸಾರನ್ನದ ತಾಟನ್ನೇ ತಲೆಯ ಮೇಲಕ್ಕೆ ಎತ್ತಿದ. ಬಾಯಿಗೆ ಬಿದ್ದಿದ್ದು ನಾಲ್ಕು ಅಗುಳು. ಅವನ ಕಿವಿಯಿಂದ ಬೇಳೆ ತೆಗೆಯುತ್ತ ಬಾಳವ್ವ ಬೈಯುವುದನ್ನೂ ಮರೆತು ಅತ್ತುಬಿಟ್ಟಳು.

ಒಂದು ಮಾತು ಮಾತ್ರ ಹೇಳಲೇಬೇಕು. ಪೆದ್ದನಾದರೂ ಅವನಿಗೆ ಕೂಸೆಂದರೆ ಪ್ರಾಣ. ಗಿಲಕಿ ಹಿಡಿದು ದೂರದಿಂದಲೇ ಇಣುಕುತ್ತಿದ್ದ. ಅದನ್ನು ನೋಡಿ ಬಾಳವ್ವ ಹೇಳಿದಳು:

"ನೀ ಒಳಗ ಬರಬ್ಯಾಡ ನನ್ನಪ್ಪಾ. ಕೂಸಿಗೆ ಏನ್ ಕೊಡೂದಿದ್ರೂ ನನಗ ಕೊಡು. ನಾ ಮುಟ್ಟಸ್ತೀನಿ."

ಯಮನಪ್ಪ ಗಿಲಕಿ ಕೊಟ್ಟ. ಅವಳು ತೊಳೆದು ಒಳಗೆ ಒಯ್ದಳು. ಮರುದಿನ ತಲೆಗೆ ಕಟ್ಟುವ ಕುಲಾವಿ ಕೊಟ್ಟ. ಅದನ್ನೂ ಕುದಿಸಿ, ಒಣಗಿಸಿ ಒಯ್ದಳು. ನಾಲ್ಕು ದಿನ ಒಂದೂ ಎಡವಟ್ಟಾಗಲಿಲ್ಲ. ಅಂತೂ ಒಂದು ಮಾತಾದರೂ ಇವನ ತಲೆಗೆ ಹೋಯಿತಲ್ಲ ಎಂದು ಬಾಳವ್ವ ಆ ರಾತ್ರಿ ನೆಮ್ಮದಿಯಾಗಿ ಮಲಗಿದಳು.

ಬೆಳಿಗ್ಗೆ ನೀರು ಕಾಸಿ, ಎಣ್ಣೆ ಬಟ್ಟಲು ಹಿಡಿದು, ಕೂಸಿಗೆ ಎರೆಯಲು ಹೊರಟಿದ್ದಳು. ದಿನದ ಅಷ್ಟೂ ಕೆಲಸದಲ್ಲಿ ಅವಳಿಗೆ ಹಿತವಾದದ್ದು ಅದೊಂದೇ. ಯಮನಪ್ಪ ಅಡ್ಡ ಬಂದು ಅವ್ವನ ಮುಖ ಹಿಡಿದು, ಒಂದು ಗಲ್ಲಕ್ಕೆ ಒಂದು, ಇನ್ನೊಂದು ಗಲ್ಲಕ್ಕೆ ಇನ್ನೊಂದು, ಹಸಿ ಗುಳ್ಳೆಯ ತುಟಿಯಿಂದಲೇ ಮುತ್ತು ಕೊಟ್ಟ.

"ಎರಡೂ ಕೂಸಿನ್ವು. ನೀ ಒಂದೂ ಇಟ್ಕೋಬ್ಯಾಡ," ಎಂದ.

ಒಳಗಿಂದ ಕಸ್ತೂರಿ ನೋಡಿದಳು. "ಅವ್ವಾ, ನೀನೂ ಒಳಗ ಬರಬ್ಯಾಡ," ಎಂದು ಬಾಗಿಲು ಮುಂದಕ್ಕೆ ಹಾಕಿಕೊಂಡಳು.

ಬಾಳವ್ವ ಮೂರು ಸಲ ಸೋಪು ಹಚ್ಚಿ ಮುಖ ತೊಳೆದಳು. ಆದರೂ ಯಾಕೆ ಬೇಕು, ಒಂದು ವಾರ ದೂರ ಇರು ಎಂದಳು ನರ್ಸಮ್ಮ. ಕೂಸಿಗೆ ಎರೆಯಲು ಚಂಬಿನ ನಿಂಗವ್ವನನ್ನೇ ಕರೆಯಬೇಕಾಯಿತು. ಒಳಗೆ ನೀರಿನ ಸದ್ದು, ಕೂಸಿನ ಅಳು. ಹೊರಗೆ ಕಟ್ಟೆಯ ಮೇಲೆ ತಾಯಿ, ಮಗ.

ಯಮನಪ್ಪ ಅವಳ ಗಲ್ಲವನ್ನೇ ನೋಡುತ್ತ ಕೂತಿದ್ದ. ಕೊನೆಗೆ ಕೇಳಿದ:

"ಯಾಕವ್ವಾ, ಇನ್ನೂ ಕೊಟ್ಟಿಲ್ಲೇನು?"