ನಾಲ್ಕು ಬೆರಳಿನ ದೂರ

ಬೆಟ್ಟ ಹತ್ತುವ ಸೈಕಲ್ಲಿನ ಮುಂದಿನ ಚಕ್ರಕ್ಕೆ ಇದ್ದದ್ದು ಒಂದೇ ಕನಸು: ತುದಿಯಲ್ಲಿ ಮಲಗಿರುವ ಮೋಡವನ್ನು ಒಮ್ಮೆ ಮುಟ್ಟಬೇಕು. ಮಳೆಗಾಲ ಮುಗಿದರೆ ಮೋಡವೂ ಹೊರಟುಹೋಗುತ್ತದೆ. ದಾರಿಯ ಕೆಸರಿಗೆ ಹೆದರಿ ಚಕ್ರ ಮಡ್‌ಗಾರ್ಡ್ ಹುಡುಕುತ್ತಾ ಅಂಗಡಿಗೆ ಬಂತು.

ಪ್ಲಾಸ್ಟಿಕ್ ಮಡ್‌ಗಾರ್ಡ್ ಹೇಳಿತು, "ನಾನು ನಿನ್ನಿಂದ ನಾಲ್ಕು ಬೆರಳು ದೂರವೇ ಇರುತ್ತೇನೆ."

"ಮೊದಲ ದಿನವೇ ದೂರವೆ? ಕಷ್ಟ ಬಂದರೆ ಊರನ್ನೇ ಬಿಡುತ್ತೀಯೇನೋ!" ಎಂದು ಚಕ್ರ ಮೂತಿ ತಿರುವಿತು.

ಆಯುಧಪೂಜೆಯ ಕುಂಕುಮ ಇನ್ನೂ ಮಾಸದ ಸ್ಟೀಲ್ ಮಡ್‌ಗಾರ್ಡ್ ನಕ್ಕಿತು. "ನಾನು ಅಪ್ಪಿಕೊಂಡೇ ಇರುವವನು, ತಾಯಿ. ನಮ್ಮ ನಡುವೆ ಗಾಳಿಯೂ ನುಸುಳದು."

ಚಕ್ರ ಮರುಳಾಗಿ ಅದನ್ನೇ ಕಟ್ಟಿಕೊಂಡಿತು.

ಮಂಜಿನಲ್ಲಿ ದಾರಿ ತೇಲಿದಂತೆ ಕಾಣುತ್ತಿತ್ತು. ಮೋಡ ಇನ್ನೊಂದೇ ತಿರುವಿನಾಚೆ ಇತ್ತು. ಅಷ್ಟರಲ್ಲಿ ಕೆಂಪು ಜೇಡಿ ಚಕ್ರಕ್ಕೆ ಮೆತ್ತಿಕೊಂಡು, ಇದ್ದ ಚೂರು ಸಂದಿಯಲ್ಲೂ ತುಂಬಿತು. ಚಕ್ರ ನಿಂತೇ ಹೋಯಿತು.

"ಸ್ವಲ್ಪ ಸರಿ ಮಾರಾಯ, ಉಸಿರು ಕಟ್ಟುತ್ತಿದೆ!"

"ಸರಿಯುವುದೆ? ನಾನು ಕೈಬಿಡುವವನಲ್ಲ," ಎಂದು ಸ್ಟೀಲ್ ಮಡ್‌ಗಾರ್ಡ್ ಕದಲದೆ ಕೂತಿತು.

ಆಗ ಇನ್ನೊಂದು ಸೈಕಲ್ ಪಕ್ಕದಲ್ಲೇ ಹಾದುಹೋಯಿತು. ಅದರ ಚಕ್ರದ ಮೇಲೆ ಅದೇ ಪ್ಲಾಸ್ಟಿಕ್ ಮಡ್‌ಗಾರ್ಡ್ ನಾಲ್ಕು ಬೆರಳು ದೂರದಲ್ಲಿತ್ತು. ಎದ್ದ ಕೆಸರನ್ನೆಲ್ಲ ತನ್ನ ಮೈಗೆ ಹಾಕಿಕೊಳ್ಳುತ್ತಿತ್ತು. ಆ ಚಕ್ರ ಹಾಡುತ್ತಾ ಉರುಳಿ ಮೋಡದೊಳಗೆ ಹೊಕ್ಕಿತು.

"ನನ್ನಷ್ಟು ಹತ್ತಿರದವರು ನಿನಗೆ ಬೇರೆ ಯಾರಿದ್ದಾರೆ, ಹೇಳು?" ಎಂದಿತು ಸ್ಟೀಲ್ ಮಡ್‌ಗಾರ್ಡ್.

ಚಕ್ರ ಜೇಡಿಯಲ್ಲಿ ಸಿಕ್ಕಿಕೊಂಡೇ, ಮೋಡ ಮೆಲ್ಲಗೆ ಬೆಟ್ಟ ಬಿಟ್ಟು ಏಳುವುದನ್ನು ನೋಡುತ್ತಾ ನಿಂತಿತ್ತು.